ಬಾಂಬಿನ ಮಳೆಯಲ್ಲಿ ಹೆಣಿಗೆ, ಹೊತ್ತಗೆ

೧೯೪೦ನೆಯ ಇಸವಿ ಸೆಪ್ಟೆಂಬರ್ ೭, ಶನಿವಾರ. ಲಂಡನ್ ನಗರದ ಮೇಲೆ ಸಂಜೆಯ ಬೆಳಕು ಇನ್ನೂ ಆರಿರಲಿಲ್ಲ. ಜರ್ಮನರ ನೂರಾರು ವಿಮಾನಗಳು ಥೇಮ್ಸ್ ನದಿಯ ಜಾಡು ಹಿಡಿದು ಬಂದು, ನಗರದ ಪೂರ್ವಭಾಗದ ಹಡಗುಕಟ್ಟೆಗಳ ಮೇಲೂ ಸುತ್ತಲ ಕೂಲಿಕಾರರ ಕೇರಿಗಳ ಮೇಲೂ ಬಾಂಬುಗಳನ್ನು ಸುರಿದವು. ಆ ಕೇರಿಗಳಲ್ಲೊಂದು ಬೆತ್ನಲ್ ಗ್ರೀನ್. ಅಲ್ಲಿ ೧೯೨೨ರಲ್ಲಿ ತೆರೆದ ಸಾರ್ವಜನಿಕ ಪುಸ್ತಕ ಭಂಡಾರವೊಂದಿತ್ತು. ಅಂದು ಒಂದು ಬಾಂಬು ಅದರ ಛಾವಣಿಯನ್ನೇ ಸೀಳಿ ಒಳಕ್ಕೆ ಬಿದ್ದಿತು. ಗ್ರಂಥಪಾಲ ಜಾರ್ಜ್ ವೇಲ್ ಅವರೂ, ಅವರ ಸಹಾಯಕ, ಕವಿ ಸ್ಟ್ಯಾನ್ಲಿ ಸ್ನೇತ್ ಅವರೂ ಪುಸ್ತಕಗಳ ಕೆಲಸ ನಿಲ್ಲಬಾರದೆಂದು ನಿಶ್ಚಯಿಸಿದರು.

ಅಂದಿನಿಂದ ಸತತವಾಗಿ ೫೭ ರಾತ್ರಿ ಲಂಡನ್ನಿನ ಮೇಲೆ ಬಾಂಬಿನ ಮಳೆ ಕರೆಯಿತು. ದಾಳಿಯ ಆ ಪರ್ವ ಮುಗಿದದ್ದು ೧೯೪೧ರ ಮೇ ತಿಂಗಳಿನಲ್ಲಿ. ಅಷ್ಟರಲ್ಲಿ ಬ್ರಿಟನ್ನಿನ ೪೦,೦೦೦ಕ್ಕೂ ಮಿಕ್ಕ ನಾಗರಿಕರು ಅಸುನೀಗಿದ್ದರು. ರಣರಂಗದ ಸೈನಿಕನ ಕೈಯಲ್ಲಿ ಬಂದೂಕಾದರೂ ಇರುತ್ತದೆ. ಮನೆಯಲ್ಲಿ ಕುಳಿತ ತಾಯಿಯ ಕೈಯಲ್ಲಿ, ಮುದುಕನ ಕೈಯಲ್ಲಿ, ಅಂಗಡಿಯ ಗುಮಾಸ್ತನ ಕೈಯಲ್ಲಿ ಏನಿದ್ದೀತು? ಕಾಯುವುದೊಂದೇ ಅವರ ಪಾಲಿಗೆ ಬಂದ ಯುದ್ಧ. ಆ ನೀಳ ಇರುಳುಗಳನ್ನು ಅವರು ಕಳೆದ ಬಗೆ ಬಹು ಸಾಮಾನ್ಯವಾದದ್ದು. ಕೆಲವರು ಉಣ್ಣೆ ಹೆಣೆದರು. ಕೆಲವರು ಪುಸ್ತಕ ಓದಿದರು.

ಲಂಡನ್ನಿನಲ್ಲಿ ನೆಲದಡಿಯಲ್ಲಿ ಓಡುವ ರೈಲುಗಳುಂಟು. ಜನರು ಅದರ ನಿಲ್ದಾಣಗಳಲ್ಲಿ ಆಶ್ರಯ ಪಡೆಯುವುದು ಸರ್ಕಾರಕ್ಕೆ ಮೊದಮೊದಲು ಹಿಡಿಸಲಿಲ್ಲ. ಒಮ್ಮೆ ಬಿಲ ಸೇರಿದವರು ಮತ್ತೆ ಹೊರಗೆ ಬಂದಾರೆಯೇ, ಕಾರ್ಖಾನೆಗಳ ಕೆಲಸ ನಡೆದೀತೇ ಎಂಬುದು ಅಧಿಕಾರಿಗಳ ಅಳುಕು. ಜನರು ಅತಿ ಅಗ್ಗದ ಟಿಕೇಟು ಕೊಂಡು ಕೆಳಗಿಳಿದರು. ರೈಲು ಹತ್ತದೆ ಪ್ಲಾಟ್‌ಫಾರಮ್ಮಿನ ಮೇಲೆಯೇ ಕಂಬಳಿ ಹಾಸಿದರು. ಕಡೆಗೆ ಸರ್ಕಾರವೇ ಮಣಿಯಬೇಕಾಯಿತು.

ಬೆತ್ನಲ್ ಗ್ರೀನಿನ ನಿಲ್ದಾಣದ ಕೆಲಸ ಆಗಿನ್ನೂ ಮುಗಿದಿರಲಿಲ್ಲ. ಅಲ್ಲಿಗೆ ರೈಲು ಬರತೊಡಗಿದ್ದು ೧೯೪೬ರಲ್ಲಿ. ಆ ಬರಿಯ ಸುರಂಗದೊಳಗೆ ಒಂದರ ಮೇಲೊಂದರಂತೆ ೫,೦೦೦ ಮಂಚಗಳನ್ನು ಅಣಿಗೊಳಿಸಿದರು. ಚಹಾದಂಗಡಿ ಬಂತು, ಮಕ್ಕಳಿಗೆ ಶಿಶುವಿಹಾರ ಬಂತು, ಪುಟ್ಟ ನಾಟಕಶಾಲೆಯೂ ಬಂತು. ಹಳಿಗಳನ್ನು ಹಾಕಬೇಕಾಗಿದ್ದ ತಗ್ಗಿಗೆ ಹಲಗೆ ಹೊದಿಸಿ, ಅದರ ಮೇಲೆ ಒಂದು ಚಿಕ್ಕ ಪುಸ್ತಕ ಭಂಡಾರವನ್ನು ಕಟ್ಟಲಾಯಿತು. ಅದರಲ್ಲಿದ್ದ ಪುಸ್ತಕಗಳು ಸುಮಾರು ೪,೦೦೦. ಸಂಜೆಯಾಗುತ್ತಲೂ ಅದರ ಬಾಗಿಲು ತೆರೆಯುತ್ತಿತ್ತು. ಮೇಲೆ ನಗರ ಉರಿಯುತ್ತಿರಲಿ, ಉರಿಯದಿರಲಿ, ಕೆಳಗೆ ಪುಸ್ತಕಕ್ಕೆ ಮೊಹರು ಬೀಳುತ್ತಿತ್ತು. ಇಂಥ ದಿನ ಹಿಂತಿರುಗಿಸತಕ್ಕದ್ದು ಎಂದು ತಾರೀಖು ಗೊತ್ತಾಗುತ್ತಿತ್ತು. ನಾಳೆಯೇ ಇದೆಯೋ ಇಲ್ಲವೋ ಎಂಬಂಥ ಕಾಲದಲ್ಲಿ ಎರಡು ವಾರದಾಚೆಯ ಒಂದು ದಿನವನ್ನು ಹೆಸರಿಟ್ಟು ಕರೆಯುವುದೇ ಒಂದು ಧೈರ್ಯವಲ್ಲವೇ?

ಹೆಣಿಗೆಯ ಕಥೆ ಇದಕ್ಕಿಂತಲೂ ವ್ಯಾಪಕವಾದದ್ದು. ಯುದ್ಧ ಮೊದಲಾದ ೧೯೩೯ರಿಂದಲೇ ಬ್ರಿಟನ್ನಿನ ಹೆಂಗಸರು ಕಡ್ಡಿ ಹಿಡಿದಿದ್ದರು. ಸೈನಿಕರಿಗೆ ಕಿವಿ ಕೊರಳು ಮುಚ್ಚುವ ಕುಲಾವಿ, ಕೈಗವಸು; ನಾವಿಕರಿಗೆ ಎಣ್ಣೆಯ ಪಸೆ ಆರದ ಒರಟು ಉಣ್ಣೆಯ ಉದ್ದನೆಯ ಕಾಲುಚೀಲ. ೧೯೪೧ರ ಜೂನ್ ೧ರಂದು ಬಟ್ಟೆಗೂ ರೇಷನ್ ಬಂದಿತು. ತಲೆಗೆ ವರ್ಷಕ್ಕೆ ೬೬ ಕೂಪನ್ನು. ಎರಡು ಔನ್ಸ್ ಉಣ್ಣೆಗೆ ಒಂದು ಕೂಪನ್ನು ತೆರಬೇಕು. ಆಗ ಗೃಹಿಣಿಯರು ಪೆಟ್ಟಿಗೆಗಳ ತಳ ಶೋಧಿಸಿದರು. ಹಳೆಯ ಸ್ವೆಟರನ್ನು ಬಿಚ್ಚಿ, ನೂಲನ್ನು ಲಡಿಯಾಗಿ ಸುತ್ತಿ, ತೊಳೆದು, ಸುಕ್ಕು ಬಿಡುವಂತೆ ಒಣಗಿಸಿ, ಮತ್ತೆ ಉಂಡೆ ಕಟ್ಟಿದರು. ತಂದೆಯ ಸ್ವೆಟರು ಮಗನ ಕಾಲುಚೀಲವಾಯಿತು. ೧೯೬೨ರ ಚಳಿಗಾಲದಲ್ಲಿ ಹಿಮಾಲಯದ ಗಡಿಯ ಜವಾನರಿಗಾಗಿ ಸ್ವೆಟರು ಹೆಣೆದ ನಮ್ಮ ನಾಡಿನ ತಾಯಂದಿರಿಗೆ ಈ ಶ್ರಮದ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೆಣೆದದ್ದು ಯೋಧನ ಮೈ ಬೆಚ್ಚಗಿಟ್ಟಿತು, ನಿಜ. ಹೆಣೆಯುವವಳ ಮನಸ್ಸಿಗೂ ಅದರಲ್ಲೊಂದು ಪಾಲು ದೊರೆಯಿತು. ಪಳಗಿದ ಕೈಗೆ ದೀಪದ ಹಂಗು ಕಡಮೆ. ಮಬ್ಬುಗತ್ತಲೆಯಲ್ಲೂ ಬೆರಳು ತನ್ನ ದಾರಿ ಬಲ್ಲದು. ಕುಣಿಕೆಗಳನ್ನು ಎಣಿಸುತ್ತಿರುವ ಮನಸ್ಸು ಸಿಡಿತಗಳನ್ನು ಎಣಿಸಲಾರದು. ನಮ್ಮ ಅಜ್ಜಿಯರು ಮನೆಯಲ್ಲಿ ಕಾಯಿಲೆ ಕಸಾಲೆಯಾದಾಗ ಮೂಲೆ ಹಿಡಿದು ಹೂಬತ್ತಿ ಹೊಸೆಯುತ್ತಿದ್ದುದೂ ಇದೇ ಗುಟ್ಟನ್ನು ಅರಿತೇ. ಹೆಣಿಗೆಯಲ್ಲಿ ತಪ್ಪಿದರೆ ಬಿಚ್ಚಿ ಮತ್ತೆ ಹೆಣೆಯಬಹುದು. ಮೇಲೆ ನಡೆಯುತ್ತಿದ್ದುದನ್ನು ಬಿಚ್ಚುವ ಶಕ್ತಿ ಯಾರಿಗೂ ಇರಲಿಲ್ಲ.

ಓದಿನ ಹಸಿವೂ ಹಾಗೆಯೇ ಹೆಚ್ಚಿತು. ೧೯೪೦ರ ಡಿಸೆಂಬರ್ ೨೯ರ ರಾತ್ರಿ ಪ್ರಕಾಶಕರ ಬೀದಿಯಾದ ಪೇಟರ್‌ನಾಸ್ಟರ್ ರೋ ಬೆಂಕಿಗೆ ತುತ್ತಾಗಿ, ಸುಮಾರು ೫೦ ಲಕ್ಷ ಪುಸ್ತಕಗಳು ಬೂದಿಯಾದವು. ಕಾಗದಕ್ಕೂ ರೇಷನ್ ಇದ್ದುದರಿಂದ ಪುಸ್ತಕಗಳು ತೆಳುವಾದವು, ಅಕ್ಷರಗಳು ಕಿರಿದಾದವು. ಓದುವವರು ಮಾತ್ರ ಕಡಮೆಯಾಗಲಿಲ್ಲ. ಹಿಂದಿನ ಶತಮಾನದ ಟ್ರಾಲಪ್ ಬರೆದ, ಪಾದ್ರಿಗಳ, ಹಳ್ಳಿಯ ಮನೆತನಗಳ ನಿಧಾನಗತಿಯ ಕಾದಂಬರಿಗಳಿಗೆ ಮತ್ತೆ ಯೌವನ ಬಂದಿತು. ದೇಶದ ಪ್ರಧಾನಿಯೂ ಇದಕ್ಕೆ ಹೊರತಾಗಲಿಲ್ಲ. ೧೯೪೩ರ ಡಿಸೆಂಬರಿನಲ್ಲಿ ಉತ್ತರ ಆಫ್ರಿಕದಲ್ಲಿ ನ್ಯುಮೋನಿಯ ತಗುಲಿ ಮಲಗಿದ್ದ ಚರ್ಚಿಲ್ಲರಿಗೆ ಮಗಳು ಸಾರಾ ಓದಿ ಹೇಳಿದ್ದು ಜೇನ್ ಆಸ್ಟೆನ್ನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’. ೧೮೧೩ರಲ್ಲಿ ಆ ಕಾದಂಬರಿ ಅಚ್ಚಾದಾಗ ಇಂಗ್ಲೆಂಡು ನೆಪೋಲಿಯನ್ನನೊಡನೆ ಹೋರಾಡುತ್ತಿತ್ತು. ಆದರೂ ಅದರ ಪಾತ್ರಗಳಿಗೆ ಮದುವೆಯ ಚಿಂತೆ ಹೊರತು ಯುದ್ಧದ ಚಿಂತೆಯಿಲ್ಲವಲ್ಲ ಎಂಬುದು ಚರ್ಚಿಲ್ಲರಿಗೇ ಒಂದು ಸೋಜಿಗವಾಗಿತ್ತು.

ಲೋಕ ಹೊತ್ತಿ ಉರಿಯುವಾಗ ಕಾದಂಬರಿ ಓದುವುದು, ಕಾಲುಚೀಲ ಹೆಣೆಯುವುದು ಪಲಾಯನವಲ್ಲವೇ ಎಂದು ಕೇಳುವವರುಂಟು. ಇದಕ್ಕೆ ಉತ್ತರ ಲಂಡನ್ನಿನ ಬೆಳಗುಗಳಲ್ಲಿದೆ. ಬಿಲ ಸೇರಿದವರು ಹೊರಗೆ ಬರಲಾರರೆಂಬ ಅಧಿಕಾರಿಗಳ ಭಯ ಹುಸಿಯಾಯಿತು. ಅಪಾಯ ಕಳೆಯಿತೆಂಬ ಸೈರನ್ನು ಕೇಳುತ್ತಲೂ ಜನರು ಕಂಬಳಿ ಸುತ್ತಿ, ಹೆಣಿಗೆಯನ್ನು ಚೀಲಕ್ಕೆ ಸೇರಿಸಿ, ಗಾಜಿನ ಚೂರು ತುಳಿಯುತ್ತ ಕೆಲಸಕ್ಕೆ ನಡೆದರು.

ಹಾಗೆಂದು ಹೆಣಿಗೆಯೂ ಹೊತ್ತಗೆಯೂ ಯಾರ ಪ್ರಾಣಕ್ಕೂ ಕವಚವಾಗಲಿಲ್ಲ. ೧೯೪೩ರ ಮಾರ್ಚ್ ೩ರ ರಾತ್ರಿ ಬೆತ್ನಲ್ ಗ್ರೀನಿನಲ್ಲಿ ಸೈರನ್ನು ಮೊಳಗಿತು. ಹತ್ತಿರದ ವಿಕ್ಟೋರಿಯ ಪಾರ್ಕಿನಿಂದ ವಿಮಾನ ಹೊಡೆಯುವ ಹೊಸ ಬಗೆಯ ರಾಕೆಟ್ಟುಗಳು ಹಾರಿದವು. ಆ ಅಪರಿಚಿತ ಸದ್ದಿಗೆ ಬೆದರಿದ ಜನರು ನಿಲ್ದಾಣದತ್ತ ನುಗ್ಗಿದರು. ಕತ್ತಲೆಯ ಮೆಟ್ಟಿಲಲ್ಲಿ ಯಾರೋ ಎಡವಿದರು. ಅವರ ಮೇಲೆ ಇನ್ನೊಬ್ಬರು, ಮತ್ತೊಬ್ಬರು. ಕ್ಷಣಾರ್ಧದಲ್ಲಿ ೧೭೩ ಜೀವಗಳು ಉಸಿರುಕಟ್ಟಿ ಹೋದವು. ಅವರಲ್ಲಿ ೬೨ ಮಂದಿ ಮಕ್ಕಳು. ಅಲ್ಲಿ ಅಂದು ಬಾಂಬೇ ಬಿದ್ದಿರಲಿಲ್ಲ. ಸರ್ಕಾರ ಈ ದುರಂತದ ವಿಚಾರಣೆಯ ವರದಿಯನ್ನು ೧೯೪೫ರವರೆಗೆ ಮುಚ್ಚಿಟ್ಟಿತು.

ದುರಂತದ ತರುವಾಯ ಆ ಮೆಟ್ಟಿಲಿಗೆ ಹಿಡಿಗಂಬಿ ಬಂದಿತು. ಜನರೂ ಮತ್ತೆ ಬಂದರು. ನೆರೆಯವರು ಸತ್ತ ಅದೇ ಮೆಟ್ಟಿಲನ್ನು ಇಳಿದು, ಅದೇ ಮಂಚಗಳ ಮೇಲೆ ಕುಳಿತರು. ೨೦೧೭ರಲ್ಲಿ ಆ ನಿಲ್ದಾಣದ ಬಳಿ, ಮೆಟ್ಟಿಲುಗಳನ್ನು ತಲೆಕೆಳಗಾಗಿ ತೂಗಿಬಿಟ್ಟಂತಿರುವ ಸ್ಮಾರಕವೊಂದು ಮಡಿದವರ ನೆನಪಿಗಾಗಿ ಪೂರ್ಣಗೊಂಡಿತು. ಬದುಕಿ ಉಳಿದವರು ಆ ಇರುಳುಗಳನ್ನು ದಾಟಿದ ಬಗೆಗೆ ಕಲ್ಲಿನ ಸ್ಮಾರಕ ಬೇಕಿಲ್ಲ. ನಾಡಿನ ಗತಿ ತಮ್ಮ ಕೈಮೀರಿದಾಗ ಅವರು ಕೈಗೆಟುಕುವ ಒಂದು ಸಾಲನ್ನು ಹೆಣೆದರು, ಒಂದು ಪುಟವನ್ನು ಓದಿದರು. ಬೆಳಗಾದಾಗ ಎದ್ದು, ಮೆಟ್ಟಿಲು ಹತ್ತಿ, ಮೇಲೆ ಬಂದರು.