ಮೂಗು ಚುಚ್ಚಿಸಿಕೊಳ್ಳುವ ಮುನ್ನ

ಕಿವಿ ಮತ್ತು ಮೂಗನ್ನು ಚುಚ್ಚಿಸಿ ಆಭರಣ ಧರಿಸುವುದು ನಮ್ಮ ದೇಶದಲ್ಲಿ ಬಹು ಹಿಂದಿನಿಂದ ನಡೆದುಬಂದ ಪದ್ಧತಿ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಕರ್ಣವೇಧದ ವಿಧಾನವನ್ನು ವಿವರಿಸಲಾಗಿದೆ. ಕಿವಿಯ ಹಾಲೆಯನ್ನು ಹಿಗ್ಗಿಸಿ ಹಿಡಿದು, ಬಿಸಿಲು ಹಾಯ್ದು ಕಾಣುವ ತೆಳುವಾದ ಸ್ಥಳದಲ್ಲಿ ಚುಚ್ಚಬೇಕೆಂದು ಅಲ್ಲಿ ಸೂಚಿಸಲಾಗಿದೆ. ಎಲ್ಲೆಂದರಲ್ಲಿ ಚುಚ್ಚಿದರೆ ಅಪಾಯವುಂಟೆಂಬ ಅರಿವು ಆ ಕಾಲದ ವೈದ್ಯರಿಗೆ ಇತ್ತೆಂಬುದು ಗಮನಾರ್ಹ.

ಕರ್ನಾಟಕದ ಊರುಗಳಲ್ಲಿ ಈ ಕೆಲಸವನ್ನು ಮನೆತನಕ್ಕೆ ಪರಿಚಿತರಾದ ಅಕ್ಕಸಾಲಿಗರು ಮಾಡುತ್ತಿದ್ದರು. ಉದ್ಯೋಗದ ನಿಮಿತ್ತ ದೆಹಲಿಗೆ ಬಂದು ರಾಮಕೃಷ್ಣಪುರಂ, ಮುನಿರ್ಕಾ, ಮಯೂರ ವಿಹಾರ ಅಥವಾ ನೆರೆಯ ನೋಯ್ಡಾ, ಗುರುಗ್ರಾಮಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ಅನುಕೂಲವಿಲ್ಲ. ಇಲ್ಲಿನ ಯುವಜನರು ಮೂಗುಬೊಟ್ಟಿಗಷ್ಟೇ ಅಲ್ಲದೆ ಹುಬ್ಬು, ತುಟಿ, ಕಿವಿಯ ಮೇಲಂಚುಗಳಿಗೂ ಆಭರಣ ಬಯಸುತ್ತಾರೆ. ಹೀಗಾಗಿ ಅವರು ಸ್ಟುಡಿಯೋಗಳೆಂದು ಕರೆಯಲಾಗುವ ವೃತ್ತಿಪರ ಕೇಂದ್ರಗಳನ್ನು ಆಶ್ರಯಿಸುವುದು ಸಾಮಾನ್ಯವಾಗಿದೆ. ಮೂಗಿನ ಯಾವ ಬದಿಗೆ ಎಂಬುದು ಅಲ್ಲಿ ಕೇಳುವ ಮೊದಲ ಪ್ರಶ್ನೆ. ಉತ್ತರ ಭಾರತದಲ್ಲಿ ಎಡಬದಿ ಹೆಚ್ಚು ರೂಢಿಯಲ್ಲಿದ್ದರೆ ದಕ್ಷಿಣದಲ್ಲಿ ಬಲಬದಿ ಹೆಚ್ಚು ರೂಢಿಯಲ್ಲಿದೆ. ಆರೋಗ್ಯದ ದೃಷ್ಟಿಯಿಂದ ಎರಡೂ ಒಂದೇ. ಆದರೆ ಸೂಜಿ, ಲೋಹ ಮತ್ತು ಆರೈಕೆ, ಈ ಮೂರರ ವಿಷಯದಲ್ಲಿ ಹಾಗೆ ಹೇಳಲಾಗದು.

ಅಪಾಯ ಯಾವುದು?

ಚರ್ಮವನ್ನು ಚುಚ್ಚಿದ ಸೂಜಿಯ ಮೇಲೆ ಕಣ್ಣಿಗೆ ಕಾಣದಷ್ಟು ರಕ್ತ ಉಳಿದಿದ್ದರೂ ಅದರ ಮೂಲಕ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್.ಐ.ವಿ. ಸೋಂಕುಗಳು ಹರಡಬಲ್ಲವು. ಆಸ್ಪತ್ರೆಗಳಲ್ಲಿ ಸೋಂಕಿತರ ರಕ್ತವಿದ್ದ ಸೂಜಿ ಆಕಸ್ಮಿಕವಾಗಿ ತಗುಲಿದವರನ್ನು ಗಮನಿಸಿದಾಗ, ಸೋಂಕಿನ ಸಂಭವ ಎಚ್.ಐ.ವಿ.ಯಲ್ಲಿ ಸುಮಾರು ಶೇಕಡಾ 0.3 ಇದ್ದರೆ, ಲಸಿಕೆ ಪಡೆಯದವರಲ್ಲಿ ಹೆಪಟೈಟಿಸ್ ಬಿ ಸೋಂಕಿನ ಸಂಭವ ಶೇಕಡಾ 30ರವರೆಗೂ ಇರುವುದು ಕಂಡುಬಂದಿದೆ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ, ಒಣಗಿದ ರಕ್ತದಲ್ಲಿಯೂ, ಕನಿಷ್ಠ 7 ದಿನ ಜೀವಂತವಾಗಿರಬಲ್ಲದು. ಇದು ಯಕೃತ್ತಿನಲ್ಲಿ ನೆಲೆಯೂರಿದರೆ ವರ್ಷಗಳ ನಂತರ ಯಕೃತ್ತಿನ ಕ್ಷಯ ಹಾಗೂ ಕ್ಯಾನ್ಸರಿಗೆ ಕಾರಣವಾಗಬಹುದು.

ಈ ರೋಗವನ್ನು ತಡೆಯಲು ಲಸಿಕೆಯಿದೆ. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದನ್ನು ದೇಶದಾದ್ಯಂತ ವಿಸ್ತರಿಸಿದ್ದು 2011ರಲ್ಲಿ. ಅದಕ್ಕೂ ಮೊದಲು ಜನಿಸಿದ ಅನೇಕರು ಈ ಲಸಿಕೆ ಪಡೆದಿರಲಾರರು. ಅಂಥವರು ಮೊದಲ ಚುಚ್ಚುಮದ್ದು, 1 ತಿಂಗಳ ಬಳಿಕ ಎರಡನೆಯದು, 6ನೆಯ ತಿಂಗಳಲ್ಲಿ ಮೂರನೆಯದು ಎಂಬ ಕ್ರಮದಲ್ಲಿ ಲಸಿಕೆ ಪಡೆದು ನಂತರ ಮುಂದುವರಿಯುವುದು ಲೇಸು. ಧನುರ್ವಾಯುವಿನ ಲಸಿಕೆ ಪಡೆದು 10 ವರ್ಷ ಮೀರಿದ್ದರೆ ಅದನ್ನೂ ಪಡೆಯಬೇಕು.

ಕೇಂದ್ರದ ಆಯ್ಕೆ

ವೈದ್ಯರು ಮತ್ತು ದಾದಿಯರಿಗೆ ಇರುವಂತೆ ಈ ವೃತ್ತಿಯವರಿಗೆ ರಾಷ್ಟ್ರಮಟ್ಟದ ನೋಂದಣಿ ಮಂಡಳಿಯಿಲ್ಲ. ಗೋಡೆಯ ಮೇಲಿನ ಪ್ರಮಾಣಪತ್ರ ಒಂದನ್ನೇ ನಂಬಿ ಕೂರುವಂತಿಲ್ಲ. ಗ್ರಾಹಕರು ಈ ಕೆಳಗಿನ ಸಂಗತಿಗಳನ್ನು ತಾವೇ ಪರಿಶೀಲಿಸಬೇಕು.

ಮೊದಲನೆಯದಾಗಿ, ಸೂಜಿಯು ಒಮ್ಮೆ ಮಾತ್ರ ಬಳಸುವಂತಹುದಾಗಿದ್ದು, ಮೊಹರು ಮಾಡಿದ ಪೊಟ್ಟಣದಿಂದ ತಮ್ಮ ಕಣ್ಣೆದುರೇ ತೆಗೆದುದಾಗಿರಬೇಕು. ಬಳಸಿದ ಬಳಿಕ ಅದನ್ನು ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬಿಗೆ ಹಾಕಬೇಕು.

ಎರಡನೆಯದಾಗಿ, ಇಕ್ಕಳ ಮುಂತಾದ ಉಪಕರಣಗಳನ್ನು ಆಟೊಕ್ಲೇವ್ ಎಂಬ ಹಬೆಯಂತ್ರದಲ್ಲಿ ಶುದ್ಧೀಕರಿಸಿರಬೇಕು. ಈ ಯಂತ್ರದಲ್ಲಿ ಒತ್ತಡದ ಹಬೆಯು 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಮುಟ್ಟಿ, ಉಪಕರಣಗಳ ಸ್ವರೂಪಕ್ಕೆ ತಕ್ಕಂತೆ 15ರಿಂದ 30 ನಿಮಿಷ ನಿಲ್ಲುತ್ತದೆ. ಕುದಿಯುವ ನೀರಿನ ಉಷ್ಣತೆ 100 ಡಿಗ್ರಿ ಮಾತ್ರ. ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು ಅದಕ್ಕೆ ಸಾಯುವುದಿಲ್ಲ. ಸ್ಪಿರಿಟಿನಿಂದ ಒರೆಸಿದರೂ ಸಾಲದು.

ಮೂರನೆಯದಾಗಿ, ಕೆಲಸ ಮಾಡುವವರು ಕೈ ತೊಳೆದು ಹೊಸ ಕೈಗವಸು ಧರಿಸಿರಬೇಕು. ಮಧ್ಯೆ ದೂರವಾಣಿ ಅಥವಾ ಹಣ ಮುಟ್ಟಿದರೆ ಅದನ್ನು ಬದಲಿಸಬೇಕು. ಹದಿನೆಂಟು ವರ್ಷ ತುಂಬದವರೊಡನೆ ತಂದೆ, ತಾಯಿ ಅಥವಾ ಪೋಷಕರು ಇರಬೇಕೆಂದು ಒತ್ತಾಯಿಸುವ ಕೇಂದ್ರವನ್ನು ಜವಾಬ್ದಾರಿಯುತವೆಂದು ಭಾವಿಸಬಹುದು.

ಪಿಸ್ತೂಲಿನ ಆಕಾರದ ಉಪಕರಣದಿಂದ ಚುಚ್ಚುವ ಕ್ರಮ ಅನೇಕ ಅಂಗಡಿಗಳಲ್ಲಿದೆ. ಪ್ಲಾಸ್ಟಿಕ್ಕಿನಿಂದ ಮಾಡಿದ ಇಂತಹ ಉಪಕರಣ ಹಬೆಯಂತ್ರದ ಶಾಖವನ್ನು ತಾಳದು. ಹರಿತವಾದ ಟೊಳ್ಳು ಸೂಜಿ ಚರ್ಮವನ್ನು ಕತ್ತರಿಸಿ ದಾರಿ ಮಾಡಿದರೆ, ಪಿಸ್ತೂಲು ಮೊಂಡಾದ ಕಡ್ಡಿಯನ್ನು ಬಲವಾಗಿ ನುಗ್ಗಿಸುತ್ತದೆ. ಮೂಗು ಮತ್ತು ಕಿವಿಯ ಮೇಲ್ಭಾಗದ ಮೃದ್ವಸ್ಥಿಗೆ ಇದರಿಂದ ಹಾನಿಯಾಗಬಹುದು. ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲದ ಕಾರಣ ಅಲ್ಲಿ ಹಿಡಿದ ಸೋಂಕು ಬೇಗ ಗುಣವಾಗದು. 2000ದಲ್ಲಿ ಅಮೆರಿಕದ ಆರೆಗನ್ ರಾಜ್ಯದ ಒಂದು ಮಳಿಗೆಯಲ್ಲಿ ಕಿವಿಯ ಮೇಲ್ಭಾಗ ಚುಚ್ಚಿಸಿಕೊಂಡವರ ಪೈಕಿ 7 ಮಂದಿಗೆ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ದೃಢಪಟ್ಟಿತು. ತನಿಖೆ ನಡೆಸಿದಾಗ, ಶುದ್ಧಿಗೆಂದು ಸಿಂಪಡಿಸುತ್ತಿದ್ದ ದ್ರಾವಣದ ಸೀಸೆಯಲ್ಲಿಯೇ ಅದು ಪತ್ತೆಯಾಯಿತು.

ಯಾವ ಲೋಹ?

ಹಸಿ ಗಾಯಕ್ಕೆ ತೊಡಿಸುವ ಮೊದಲ ಆಭರಣ ದೇಹಕ್ಕೆ ಒಗ್ಗುವ ಲೋಹದ್ದಾಗಿರಬೇಕು. ಶಸ್ತ್ರಚಿಕಿತ್ಸೆಯಲ್ಲಿ ದೇಹದೊಳಗೆ ಅಳವಡಿಸುವ ದರ್ಜೆಯ ಟೈಟಾನಿಯಂ ಈ ಕೆಲಸಕ್ಕೆ ಉತ್ತಮ. ನಿಕ್ಕಲ್ ಬೆರೆಯದ 14 ಅಥವಾ 18 ಕ್ಯಾರೆಟ್ ಚಿನ್ನವೂ ಆಗಬಹುದು. ಅಗ್ಗದ ಆಭರಣಗಳಲ್ಲಿ, ಕೆಲವು ಬಗೆಯ ಬಿಳಿ ಚಿನ್ನದಲ್ಲಿಯೂ, ಇರುವ ನಿಕ್ಕಲ್ ಹಲವರಲ್ಲಿ ತುರಿಕೆ ಮತ್ತು ಕಜ್ಜಿಯನ್ನುಂಟುಮಾಡುತ್ತದೆ. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ನಮ್ಮಲ್ಲಿ ಚಿನ್ನಕ್ಕೆ ಹಾಲ್‌ಮಾರ್ಕ್ 2021ರ ಜೂನ್ 16ರಿಂದ ಹಂತಹಂತವಾಗಿ ಕಡ್ಡಾಯವಾಗಿದ್ದರೂ 2 ಗ್ರಾಮಿಗಿಂತ ಕಡಿಮೆ ತೂಕದ ಆಭರಣಗಳಿಗೆ ವಿನಾಯಿತಿಯಿದೆ. ಮೂಗುಬೊಟ್ಟುಗಳು ಬಹುಮಟ್ಟಿಗೆ ಈ ವಿನಾಯಿತಿಯೊಳಗೇ ಬರುವುದರಿಂದ ಬೆರಕೆಯ ಲೋಹ ಯಾವುದೆಂಬುದನ್ನು ಕೇಳಿ, ರಸೀದಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಮೊದಲ ದಿನ ತೊಡಿಸುವ ಕಡ್ಡಿ ಕೊಂಚ ಉದ್ದವಾಗಿರುತ್ತದೆ. ಇದು ಬಾವಿಗೆ ಎಡೆ ಕೊಡಲೆಂದು ಮಾಡಿದ ಏರ್ಪಾಡು. ಕೆಲವು ವಾರಗಳಲ್ಲಿ ಬಾವು ಇಳಿದ ಬಳಿಕ ಅದೇ ಕೇಂದ್ರಕ್ಕೆ ಹೋಗಿ ಅಳತೆಗೆ ತಕ್ಕುದನ್ನು ಹಾಕಿಸಿಕೊಳ್ಳಬೇಕು.

ಆರೈಕೆಯ ಕ್ರಮ

ಗಾಯ ಮಾಯುವ ಅವಧಿ ಸ್ಥಳಕ್ಕೆ ಅನುಗುಣವಾಗಿ ವ್ಯತ್ಯಾಸವಾಗುತ್ತದೆ. ಕಿವಿಯ ಹಾಲೆ, ಹುಬ್ಬು ಮತ್ತು ತುಟಿಗೆ ಸಾಮಾನ್ಯವಾಗಿ 6ರಿಂದ 8 ವಾರ, ಮೂಗಿನ ಹೊಳ್ಳೆಗೆ 4ರಿಂದ 6 ತಿಂಗಳು, ಕಿವಿಯ ಮೇಲ್ಭಾಗಕ್ಕೆ 6 ತಿಂಗಳಿಂದ 1 ವರ್ಷ ಬೇಕಾಗಬಹುದು. ಹೊರಗೆ ಒಣಗಿದಂತೆ ಕಂಡರೂ ಒಳದಾರಿ ಇನ್ನೂ ಹಸಿಯಾಗಿರುತ್ತದೆ.

ದಿನಕ್ಕೆ ಎರಡು ಬಾರಿ ಕೈ ತೊಳೆದು, ಔಷಧದ ಅಂಗಡಿಯಲ್ಲಿ ದೊರೆಯುವ ಶೇಕಡಾ 0.9ರ ಶುದ್ಧ ಲವಣ ದ್ರಾವಣದಿಂದ ಗಾಯವನ್ನು ತೊಳೆಯಬೇಕು. ಆಭರಣವನ್ನು ತಿರುಗಿಸುತ್ತಿರಬೇಕೆಂಬ ರೂಢಿಯ ಸಲಹೆ ಸರಿಯಲ್ಲ. ತಿರುಗಿಸಿದಾಗ ಹೊಸದಾಗಿ ಬೆಳೆದ ಪದರ ಹರಿಯುತ್ತದೆ. ಮನೆಯ ಹಿರಿಯರು ಪ್ರೀತಿಯಿಂದ ಹಚ್ಚುವ ಅರಿಶಿನ, ಕೊಬ್ಬರಿ ಎಣ್ಣೆ ಮತ್ತು ರಂಧ್ರಕ್ಕೆ ಸಿಕ್ಕಿಸುವ ಬೇವಿನ ಕಡ್ಡಿಗಳು ಕ್ರಿಮಿರಹಿತವಲ್ಲವಾದುದರಿಂದ ಹಸಿ ಗಾಯಕ್ಕೆ ಬಳಸಬಾರದು.

ದೆಹಲಿಯ ಹವೆಯನ್ನೂ ಗಮನದಲ್ಲಿಡಬೇಕು. ಮೇ, ಜೂನ್ ತಿಂಗಳುಗಳ ಬೆವರು ಮತ್ತು ಧೂಳು ಗಾಯಕ್ಕೆ ಹಿತವಲ್ಲ. ಚಳಿಗಾಲದಲ್ಲಿ ಉಣ್ಣೆಯ ಅಂಗಿಯನ್ನು ತಲೆಯ ಮೇಲಿಂದ ತೆಗೆಯುವಾಗ ಬೊಟ್ಟು ಸಿಕ್ಕಿಕೊಂಡು ಎಳೆಯುವುದುಂಟು. ಗಾಯ ಮಾಯುವ ಮೊದಲೇ ಹೋಳಿ ಬರುವಂತಿದ್ದರೆ ಹಬ್ಬ ಕಳೆಯುವವರೆಗೆ ಕಾಯುವುದು ವಿವೇಕ.

ವೈದ್ಯರನ್ನು ಕಾಣುವುದು ಯಾವಾಗ?

ಮೊದಲ ದಿನಗಳಲ್ಲಿ ಸ್ವಲ್ಪ ಬಾವು, ನೋವು, ಒಣಗಿ ಹಕ್ಕಳೆಯಾಗುವ ತಿಳಿದ್ರವ ಸಹಜ. ಕೆಂಪು ಹರಡುತ್ತಾ ಹೋದರೆ, ಹಳದಿ ಅಥವಾ ಹಸಿರು ಕೀವು ಬಂದರೆ, ಜ್ವರ ಕಾಣಿಸಿಕೊಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮೂಗಿನ ಸುತ್ತಲಿನ ರಕ್ತನಾಳಗಳಿಗೆ ತಲೆಬುರುಡೆಯೊಳಗಿನ ನಾಳಗಳ ಸಂಪರ್ಕವಿರುವುದೇ ಈ ಎಚ್ಚರಿಕೆಗೆ ಕಾರಣ. ಆಭರಣವನ್ನು ತಾವೇ ಕಿತ್ತು ತೆಗೆದರೆ ರಂಧ್ರ ಮುಚ್ಚಿ ಕೀವು ಒಳಗೇ ಉಳಿಯಬಹುದು. ಮನೆತನದಲ್ಲಿ ಗಾಯದ ಕಲೆ ಗಂಟಾಗಿ ಬೆಳೆಯುವ ಪ್ರವೃತ್ತಿಯಿರುವವರು, ಮಧುಮೇಹಿಗಳು, ಹೃದಯದ ಕವಾಟದ ತೊಂದರೆಯುಳ್ಳವರು ಮತ್ತು ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ಮೊದಲೇ ವೈದ್ಯರ ಸಲಹೆ ಪಡೆಯಬೇಕು. ಚುಚ್ಚಿಸಿಕೊಂಡ ಬಳಿಕ 12 ತಿಂಗಳು ರಕ್ತದಾನ ಮಾಡುವಂತಿಲ್ಲ. ಎಚ್.ಐ.ವಿ. ಕುರಿತ ಸಂದೇಹಗಳಿಗೆ 1097 ಸಂಖ್ಯೆಯ ಉಚಿತ ಸಹಾಯವಾಣಿಯನ್ನು ಸಂಪರ್ಕಿಸಬಹುದು.

ಚುಚ್ಚುವ ಕೆಲಸ ಕೆಲವೇ ಕ್ಷಣಗಳದು. ಅಶುದ್ಧ ಸೂಜಿಯಿಂದ ಬಂದ ರೋಗ ಆಯುಷ್ಯದುದ್ದಕ್ಕೂ ಬಾಧಿಸಬಹುದು. ಹೊಸ ಸೂಜಿಯ ಪೊಟ್ಟಣವನ್ನು ತಮ್ಮೆದುರಿಗೆ ಒಡೆಯಿರೆಂದು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ. ಹಾಗೆ ಕೇಳಿದಾಗ ಬೇಸರಿಸುವ ಕೇಂದ್ರವನ್ನು ಬಿಟ್ಟು ಬೇರೊಂದನ್ನು ಹುಡುಕುವುದೇ ಕ್ಷೇಮ.