ಮಾರಲು ಹೊರಟಿದ್ದು ಹಲಗೆ, ಮಾರಾಟವಾಗಿದ್ದು ಅಂಗಡಿ

ಟೋಬಿಯಾಸ್ ಲ್ಯೂಟ್ಕೆಗೆ ಕೆನಡಾದಲ್ಲಿ ನೌಕರಿ ಮಾಡುವ ಪರವಾನಗಿ ಇರಲಿಲ್ಲ. ಜರ್ಮನಿಯ ಕೋಬ್ಲೆನ್ಜ್‌ನ ಹುಡುಗ, ಹತ್ತನೇ ತರಗತಿಗೇ ಶಾಲೆ ಬಿಟ್ಟು ಪ್ರೋಗ್ರಾಮಿಂಗ್ ಕಲಿತವನು, ಮನಸ್ಸು ಕೊಟ್ಟ ಹುಡುಗಿಗಾಗಿ ಒಟ್ಟಾವಕ್ಕೆ ಬಂದಿದ್ದ. ಇನ್ನೊಬ್ಬರ ಕೈಕೆಳಗೆ ದುಡಿಯುವಂತಿಲ್ಲ, ಸ್ವಂತ ವ್ಯಾಪಾರಕ್ಕೆ ಅಡ್ಡಿಯಿಲ್ಲ. ಹಿಮದ ಇಳಿಜಾರಿನಲ್ಲಿ ಹಲಗೆ ಕಟ್ಟಿಕೊಂಡು ಜಾರುವ ಹುಚ್ಚು ಅವನಿಗಿತ್ತು. ಸರಿ, 2004ರಲ್ಲಿ ಸ್ಕಾಟ್ ಲೇಕ್ ಜೊತೆಗೂಡಿ ‘ಸ್ನೋಡೆವಿಲ್’ ಎಂಬ ಹೆಸರಿನಲ್ಲಿ ಸ್ನೋಬೋರ್ಡ್‌ಗಳ ಆನ್‌ಲೈನ್ ಅಂಗಡಿ ತೆರೆಯಲು ಹೊರಟ.

ಸರಕಿಗೆ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಅಂಗಡಿಗೇ. ಆಗ ಸಿಗುತ್ತಿದ್ದ ತಂತ್ರಾಂಶಗಳಲ್ಲಿ ಪುಟದ ಅಂದ ಬದಲಿಸುವುದೇ ಹರಸಾಹಸ. ಅವನು ನೋಡಿದವುಗಳಲ್ಲಿ ಯಾಹೂ ಸ್ಟೋರ್ ಕೂಡ ಇತ್ತು. ಅದರ ಹುಟ್ಟೂ ಸ್ವಾರಸ್ಯದ್ದೇ. 1995ರಲ್ಲಿ ಪಾಲ್ ಗ್ರಹಾಂ ಮತ್ತು ರಾಬರ್ಟ್ ಮಾರಿಸ್ ಕಲಾ ಗ್ಯಾಲರಿಗಳನ್ನು ಅಂತರ್ಜಾಲಕ್ಕೆ ತರಲು ನೋಡಿದ್ದರು. ಪುಕ್ಕಟೆ ಕೊಡುತ್ತೇವೆಂದರೂ ಗ್ಯಾಲರಿಯವರು ಬೇಡವೆಂದರು. ಆ ಸೋಲಿನಿಂದಲೇ, ಬ್ರೌಸರ್ ಇದ್ದರೆ ಸಾಕು, ಯಾರು ಬೇಕಾದರೂ ಅಂಗಡಿ ಕಟ್ಟಿಕೊಳ್ಳಬಹುದಾದ ‘ವಯಾವೆಬ್’ ಹುಟ್ಟಿತು. 1998ರಲ್ಲಿ ಯಾಹೂ ಅದನ್ನು ಕೊಂಡುಕೊಂಡಿತು. ಆರು ವರ್ಷದ ನಂತರ ಲ್ಯೂಟ್ಕೆಗೆ ಅದೂ ಹಿಡಿಸಲಿಲ್ಲ.

ಅದೇ 2004ರ ಜುಲೈನಲ್ಲಿ ಡೆನ್ಮಾರ್ಕಿನ ಡೇವಿಡ್ ಹೈನಮೈಯರ್ ಹ್ಯಾನ್ಸನ್ ಜಾಲತಾಣ ಕಟ್ಟುವ ‘ರೂಬಿ ಆನ್ ರೈಲ್ಸ್’ ಎಂಬ ಸಲಕರಣೆಯನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದ. ಲ್ಯೂಟ್ಕೆ ಅದನ್ನು ಹಿಡಿದು ತನ್ನ ಅಂಗಡಿಯನ್ನು ತಾನೇ ಬರೆದುಕೊಂಡ. ಚಳಿಗಾಲದಲ್ಲಿ ಹಲಗೆಗಳು ಮಾರಾಟವಾದವು. ಹಿಮ ಕರಗಿದ ಮೇಲೆ ಸ್ನೋಬೋರ್ಡ್ ಯಾರಿಗೆ ಬೇಕು? ಆದರೆ ಬೇರೊಂದು ವಿಚಾರಣೆ ಬರತೊಡಗಿತ್ತು: ಈ ಅಂಗಡಿ ಯಾವುದರಲ್ಲಿ ಕಟ್ಟಿದ್ದೀರಿ, ನಮಗೂ ಕೊಡುತ್ತೀರಾ? ಕೇಳುತ್ತಿದ್ದವರು ಇತರ ಸಣ್ಣ ವ್ಯಾಪಾರಿಗಳು.

ಒಂದು ಅಂಗಡಿಯ ತಂತ್ರಾಂಶವನ್ನು ಸಾವಿರ ಅಂಗಡಿಗಳಿಗೆ ಒಗ್ಗಿಸುವುದು ಸುಲಭದ ಮಾತಲ್ಲ. ಪ್ರತಿಯೊಬ್ಬ ವ್ಯಾಪಾರಿಗೂ ತನ್ನ ಅಂಗಡಿ ಬೇರೆಯದೇ ಕಾಣಬೇಕು. ಹಾಗೆಂದು ಎಲ್ಲರಿಗೂ ಒಳಗಿನ ಕೋಡ್ ತಿದ್ದಲು ಬಿಟ್ಟರೆ ಒಬ್ಬನ ತಪ್ಪಿಗೆ ಎಲ್ಲರ ಅಂಗಡಿಯೂ ಕೆಡುತ್ತದೆ, ಪಕ್ಕದವನ ಲೆಕ್ಕಪತ್ರವೂ ಬಯಲಾಗುತ್ತದೆ. ಲ್ಯೂಟ್ಕೆ ಇದಕ್ಕೆಂದೇ ‘ಲಿಕ್ವಿಡ್’ ಎಂಬ ಪುಟ್ಟ ಭಾಷೆ ರೂಪಿಸಿದ. ಚಿತ್ರ ಎಲ್ಲಿರಬೇಕು, ಬೆಲೆ ಹೇಗೆ ಕಾಣಬೇಕು ಎನ್ನುವುದನ್ನೆಲ್ಲ ಅದರಲ್ಲಿ ಬರೆಯಬಹುದು, ದತ್ತಾಂಶವನ್ನು ತಿದ್ದಲಾಗದು. ಮಳಿಗೆ ಬಾಡಿಗೆಗೆ ಹಿಡಿದವನು ಗೋಡೆಗೆ ಯಾವ ಬಣ್ಣ ಬೇಕಾದರೂ ಬಳಿಯಬಹುದು, ಕಟ್ಟಡದ ಕಂಬ ಮುಟ್ಟುವಂತಿಲ್ಲ ಎಂದ ಹಾಗೆ. ಹಿಮ ಕರಗಿದ್ದು, ಗಿರಾಕಿ ಕೇಳಿದ್ದು ಕಾಲದ ಕೃಪೆ. ನನ್ನ ಲೆಕ್ಕದಲ್ಲಿ ನಿಜವಾದ ಆವಿಷ್ಕಾರ ಈ ಗಡಿ ಎಳೆದದ್ದು.

ವಿನ್ಯಾಸ ಬಲ್ಲ ಡೇನಿಯಲ್ ವೈನಾಂಡ್ ಕೂಡ ಜೊತೆಗೂಡಿದ. 2006ರ ಜೂನ್‌ನಲ್ಲಿ ಈ ತಂತ್ರಾಂಶವನ್ನು ಇತರ ವ್ಯಾಪಾರಿಗಳಿಗೆ ಒದಗಿಸುವ ‘ಶಾಪಿಫೈ’ ಬಾಗಿಲು ತೆರೆಯಿತು. ಕೂಡಲೇ ಹಣ ಹರಿದು ಬರಲಿಲ್ಲ. ಲ್ಯೂಟ್ಕೆಯ ಸಂಸಾರ ಆ ದಿನಗಳಲ್ಲಿ ಹೆಂಡತಿಯ ತವರಿನಲ್ಲೇ ಸಾಗುತ್ತಿತ್ತು, ಕಂಪನಿಗೂ ಮಾವನೇ ಹಣ ಹಾಕಿದ್ದರು. ಸ್ಕಾಟ್ ಲೇಕ್ ಹೊರನಡೆದ ಮೇಲೆ 2008ರಲ್ಲಿ ಲ್ಯೂಟ್ಕೆಯೇ ಚುಕ್ಕಾಣಿ ಹಿಡಿದ. 2015ರ ಮೇ ತಿಂಗಳಲ್ಲಿ ಶಾಪಿಫೈ ನ್ಯೂಯಾರ್ಕ್ ಮತ್ತು ಟೊರಾಂಟೊ ಷೇರುಪೇಟೆಗಳನ್ನು ಪ್ರವೇಶಿಸಿತು. ಷೇರೊಂದಕ್ಕೆ 17 ಡಾಲರ್.