ಆಟದ ಗಣಕಯಂತ್ರಕ್ಕೆ ‘ಸೆಕ್ಯೂರ್ ಬೂಟ್’: ಕೈ ಹಾಕುವ ಮುನ್ನ

ಥಾಣೆ, ಡೊಂಬಿವಿಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಅನೇಕ ಮನೆಗಳಲ್ಲಿ ಗಣಕಯಂತ್ರವೆಂದರೆ ಒಂದೇ. ಲ್ಯಾಮಿಂಗ್ಟನ್ ರಸ್ತೆಯಿಂದ ಬಿಡಿಭಾಗಗಳನ್ನು ತಂದು ಜೋಡಿಸಿದ ಆ ಯಂತ್ರದಲ್ಲಿ ಮಕ್ಕಳ ಆಟವೂ ನಡೆಯುತ್ತದೆ. ಊರಿನ ಮದುವೆ, ಉಪನಯನಗಳ ಛಾಯಾಚಿತ್ರಗಳೂ ಮನೆಪತ್ರಗಳ ಪ್ರತಿಗಳೂ ಅದರಲ್ಲಿಯೇ ಇರುತ್ತವೆ. ಈಗ ಕೆಲವು ಆಟಗಳು ‘ಸೆಕ್ಯೂರ್ ಬೂಟ್ ಇಲ್ಲ’ ಎಂದು ಬಾಗಿಲಲ್ಲೇ ತಡೆಯುತ್ತವೆ. ಆಟದ ಆತುರದಲ್ಲಿ ಛಾಯಾಚಿತ್ರಗಳನ್ನು ಕಳೆದುಕೊಳ್ಳಬಾರದೆಂಬುದೇ ಈ ಬರಹದ ಉದ್ದೇಶ.

ವಿಂಡೋಸ್ ಆರಂಭವಾಗುವ ಮೊದಲೇ ಮದರ್‌ಬೋರ್ಡಿನಲ್ಲಿರುವ ಫರ್ಮ್‌ವೇರ್ ಎಚ್ಚರಗೊಳ್ಳುತ್ತದೆ. ಮುಂದೆ ಬರುವ ತಂತ್ರಾಂಶಕ್ಕೆ ಅಧಿಕೃತ ಸಹಿ ಇದೆಯೇ ಎಂದು ಅದು ಪರೀಕ್ಷಿಸುವ ಕ್ರಮವೇ ಸೆಕ್ಯೂರ್ ಬೂಟ್. ಆಟದಲ್ಲಿ ಮೋಸ ಮಾಡುವ ಕೆಲವು ತಂತ್ರಾಂಶಗಳು ವಿಂಡೋಸ್‌ಗಿಂತ ಮೊದಲೇ ಒಳನುಸುಳುವುದರಿಂದ ಆಟದ ಸಂಸ್ಥೆಗಳು ಇದನ್ನು ಕಡ್ಡಾಯಗೊಳಿಸಿವೆ. ವಿಂಡೋಸ್ 11ರಲ್ಲಿ ವ್ಯಾಲರಂಟ್ 2021ರಲ್ಲಿಯೇ ಇದನ್ನು ಕೇಳಿತು; 2025ರಲ್ಲಿ ಬ್ಯಾಟಲ್‌ಫೀಲ್ಡ್ 6 ಕೂಡ ಕೇಳಿತು.

ಮೊದಲ ಕೆಲಸ ಕೀಲಿಯನ್ನು ಹುಡುಕುವುದು. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಬದಲಾಗಿರಬಹುದು. ಅದರ ಬೀಗವನ್ನು ಟಿಪಿಎಂ ಎಂಬ ಭದ್ರತಾ ಭಾಗ ಕಾಯುತ್ತದೆ. ಫರ್ಮ್‌ವೇರ್‌ನಲ್ಲಿ ಬದಲಾವಣೆ ಕಂಡರೆ ಟಿಪಿಎಂ ಬೀಗ ತೆರೆಯಲು ಒಪ್ಪದೆ, ಯಂತ್ರವು 48 ಅಂಕಿಗಳ ರಿಕವರಿ ಕೀಯನ್ನು ಕೇಳುತ್ತದೆ. ಅದಿಲ್ಲದಿದ್ದರೆ ಡಿಸ್ಕಿನಲ್ಲಿರುವುದನ್ನು ಯಾರೂ ತೆಗೆದುಕೊಡಲಾರರು. ಸಾಮಾನ್ಯವಾಗಿ ಇದು ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಕಾಗದದ ಮೇಲೆ ಬರೆದಿಡಿ. ಛಾಯಾಚಿತ್ರಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೂ ಇಳಿಸಿಕೊಳ್ಳಿ.

ಎರಡನೆಯದಾಗಿ, ‘ರನ್’ ಪೆಟ್ಟಿಗೆಯಲ್ಲಿ ಎಂಎಸ್‌ಇನ್ಫೋ32 ಎಂದು ಇಂಗ್ಲಿಷಿನಲ್ಲಿ ಬೆರಳಚ್ಚಿಸಿ. ಅಲ್ಲಿ ‘ಬಯಾಸ್ ಮೋಡ್’ ಎದುರು ಯುಇಎಫ್‌ಐ ಎಂದಿದ್ದರೆ ದಾರಿ ಸುಗಮ. ಲೆಗಸಿ ಎಂದಿದ್ದರೆ ಡಿಸ್ಕ್ ಹಳೆಯ ಎಂಬಿಆರ್ ವಿನ್ಯಾಸದಲ್ಲಿದೆ ಎಂದರ್ಥ. ಆಗ ಫರ್ಮ್‌ವೇರ್‌ನಲ್ಲಿ ಸಿಎಸ್‌ಎಂ ಅನ್ನು ನೇರವಾಗಿ ನಿಲ್ಲಿಸಿದರೆ ವಿಂಡೋಸ್ ತೆರೆಯುವುದೇ ಇಲ್ಲ. ಮೊದಲು ಎಂಬಿಆರ್2ಜಿಪಿಟಿ ಎಂಬ ವಿಂಡೋಸಿನದೇ ಸಾಧನದಿಂದ ಡಿಸ್ಕನ್ನು ಜಿಪಿಟಿಗೆ ಪರಿವರ್ತಿಸಬೇಕು. ಕಡತಗಳು ಅಳಿಯದಂತೆಯೇ ಇದು ನಡೆಯುತ್ತದಾದರೂ ಪ್ರತಿ ಇಲ್ಲದೆ ಮುಂದುವರಿಯಬೇಡಿ.

ನಂತರವೇ ಫರ್ಮ್‌ವೇರ್ ಪುಟಕ್ಕೆ ಹೋಗಿ ಸಿಎಸ್‌ಎಂ ನಿಲ್ಲಿಸಿ, ಸೆಕ್ಯೂರ್ ಬೂಟ್ ಚಾಲೂ ಮಾಡಿ. ಆಟ ಟಿಪಿಎಂ ಕೂಡ ಕೇಳಿದರೆ ಇಂಟೆಲ್ ಯಂತ್ರಗಳಲ್ಲಿ ಅದು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿರುತ್ತದೆ. ಚಾಲೂ ಮಾಡಿದರೂ ವಿಂಡೋಸಿನಲ್ಲಿ ‘ಆಫ್’ ಎಂದೇ ತೋರಿದರೆ ಫರ್ಮ್‌ವೇರ್‌ನಲ್ಲಿ ಸಹಿಯ ಕೀಲಿಗಳು ತುಂಬಿಲ್ಲದಿರಬಹುದು. ಅವನ್ನು ಮೂಲಸ್ಥಿತಿಗೆ ತರುವ ಆಯ್ಕೆಯನ್ನು ಅಲ್ಲಿಯೇ ಹುಡುಕಿ. ಪರದೆ ಕಪ್ಪಾಗಿಯೇ ಉಳಿದರೆ ಹೆದರಬೇಡಿ: ಹಳೆಯ ಗ್ರಾಫಿಕ್ಸ್ ಕಾರ್ಡ್‌ಗಳು ಸಿಎಸ್‌ಎಂ ಇಲ್ಲದೆ ಚಿತ್ರ ಮೂಡಿಸವು. ವಿದ್ಯುತ್ ತಂತಿ ಕಳಚಿ, ಮದರ್‌ಬೋರ್ಡಿನ ನಾಣ್ಯಾಕಾರದ ಬ್ಯಾಟರಿಯನ್ನು ಕೆಲ ನಿಮಿಷ ತೆಗೆದಿಟ್ಟರೆ ಸಾಮಾನ್ಯವಾಗಿ ಕಾರ್ಖಾನೆಯ ಮೂಲ ಸೆಟ್ಟಿಂಗ್‌ಗಳು ಮರಳುತ್ತವೆ.

ಫರ್ಮ್‌ವೇರ್ ಅನ್ನೇ ನವೀಕರಿಸಬೇಕಾಗಿ ಬಂದರೆ ಯುಪಿಎಸ್ ಇರಲಿ. ಮಳೆಗಾಲದ ಸಂಜೆ ನಡುವೆ ವಿದ್ಯುತ್ ಹೋದರೆ ಮದರ್‌ಬೋರ್ಡೇ ಕೆಡಬಹುದು.

ಸೆಟ್ಟಿಂಗ್ ಬದಲಿಸುವ ಕೆಲಸ ಮಕ್ಕಳೇ ಮಾಡಲಿ. ಅವರಿಗೆ ನಮಗಿಂತ ಚೆನ್ನಾಗಿ ತಿಳಿದಿದೆ. ಆದರೆ ಆ 48 ಅಂಕಿಗಳ ಕಾಗದ ಮನೆಪತ್ರಗಳ ಜೊತೆ ಕಪಾಟಿನಲ್ಲಿ ಸೇರಿದ ಮೇಲಷ್ಟೇ ಅವರು ಕೈ ಹಾಕಲಿ.